ಮೂರಕ್ಷರದ ಮರ್ಯಾದೆ

ಕನ್ನಡದಲ್ಲಿ ಯಾರಾದರೂ ತಮ್ಮ ವಿಷಯವನ್ನು ತಾವೇ ಹೇಳಿಕೊಳ್ಳುವಾಗ ನಮ್ಮ ಭಾಷೆಯು ಅವರ ಲಿಂಗವನ್ನಾಗಲಿ ಅಂತಸ್ತನ್ನಾಗಲಿ ವಿಚಾರಿಸುವದಿಲ್ಲ. ‘ನಾನು ಬಂದೆನು’ ಎಂದು ಮಂತ್ರಿಗಳು ಹೇಳಬಹುದು, ಬೀದಿ ಗುಡಿಸುವ ಹೆಂಗಸು ಹೇಳಬಹುದು, ಹೆಣ್ಣೂ ಅಲ್ಲದ ಗಂಡೂ ಅಲ್ಲದ ಜೀವವೊಂದು ಹೇಳಬಹುದು. ಕ್ರಿಯಾಪದದ ರೂಪವು ಒಂದೇ. ಹಿಂದಿಯಲ್ಲಿ ಹೀಗಿಲ್ಲ, ಅಲ್ಲಿ ‘ನಾನು ಬಂದೆನು’ ಎನ್ನುವ ಮಾತಿನಲ್ಲಿಯೇ ಗಂಡಸಿನ ರೂಪ ಬೇರೆ, ಹೆಂಗಸಿನ ರೂಪ ಬೇರೆ. ಎದುರಿಗಿದ್ದವರನ್ನು ಮಾತಾಡಿಸುವಾಗಲೂ ನಮ್ಮ ‘ನೀನು’, ‘ನೀವು’ಗಳಲ್ಲಿ ಹೆಣ್ಣು-ಗಂಡಿನ ಭೇದವಿಲ್ಲ. ಆದರೆ ಆ ವ್ಯಕ್ತಿಯನ್ನು ಕುರಿತು ಮತ್ತೊಬ್ಬರು ಮಾತಾಡತೊಡಗಿದ ಕೂಡಲೆ ಭಾಷೆಯು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಮುಂದಿಡುತ್ತದೆ: ಹೆಣ್ಣೋ ಗಂಡೋ? ದೊಡ್ಡವರೋ ಸಣ್ಣವರೋ? ‘ಅವನು’, ‘ಅವಳು’, ‘ಅವರು’, ‘ಅದು’ ಇವುಗಳಲ್ಲಿ ಒಂದನ್ನು ಆರಿಸದೆ ವಾಕ್ಯವು ಮುಗಿಯಲಾರದು. ಈ ಆಯ್ಕೆಯನ್ನು ನಾವು ದಿನಕ್ಕೆ ನೂರು ಸಲ ಮಾಡುತ್ತೇವೆ. ಮಾಡುತ್ತಿದ್ದೇವೆಂಬ ಎಚ್ಚರ ಮಾತ್ರ ನಮಗಿಲ್ಲ.

ಸರ್ವನಾಮಗಳನ್ನು ಕುರಿತ ಈಗಿನ ಚರ್ಚೆಯನ್ನು ಪಶ್ಚಿಮದಿಂದ ಬಂದಿಳಿದ ಶೋಕಿಯೆಂದು ತಳ್ಳಿಹಾಕುವವರು ನಮ್ಮಲ್ಲಿ ಬಹಳ. ಇಂಗ್ಲಿಷಿನಲ್ಲಿ ‘ಹೀ’, ‘ಶೀ’ ಎಂಬವುಗಳು ಸಾಲದೆ ಬಹುವಚನದ ‘ದೇ’ಯನ್ನು ಒಬ್ಬರೇ ವ್ಯಕ್ತಿಗೆ ಸಲ್ಲಿಸುವ ವಿಷಯದಲ್ಲಿ ವಾದ-ವಿವಾದಗಳು ನಡೆದಿವೆ. ಆ ತೊಡಕು ಆ ಭಾಷೆಯವರಿಗಿರಲಿ. ಕನ್ನಡಕ್ಕೆ ಆ ಬಡತನವಿಲ್ಲ. ಒಬ್ಬರೇ ವ್ಯಕ್ತಿಗೆ ಬಹುವಚನವನ್ನು ಸಲ್ಲಿಸುವ ರೂಢಿ ನಮ್ಮಲ್ಲಿ ಬೇರೂರಿದ್ದು. ಆ ಬಹುವಚನದಲ್ಲಿ ಹೆಣ್ಣು-ಗಂಡುಗಳ ಭೇದವಿಲ್ಲದಿರುವದು ಅದಕ್ಕಿಂತಲೂ ಹಳೆಯದು. ‘ಒಬ್ಬನು’, ‘ಒಬ್ಬಳು’ ಇವುಗಳ ಪಕ್ಕದಲ್ಲಿ ‘ಒಬ್ಬರು’ ಇದೆ. ‘ಬಂದವನು’, ‘ಬಂದವಳು’ ಇವುಗಳ ಪಕ್ಕದಲ್ಲಿ ‘ಬಂದವರು’ ಇದೆ. ‘ಅವನು’, ‘ಅವಳು’, ‘ಅವರು’ ಇವುಗಳಲ್ಲಿ ಬದಲಾಗುವದು ಕೊನೆಯ ಒಂದಕ್ಷರ ಮಾತ್ರ. ಯಾವ ಹೊಸ ಶಬ್ದವನ್ನೂ ಟಂಕಿಸಬೇಕಾಗಿಲ್ಲ, ಯಾವ ಪರಭಾಷೆಯಿಂದಲೂ ಕಡ ತರಬೇಕಾಗಿಲ್ಲ. ಮನೆಯ ಪೆಟ್ಟಿಗೆಯಲ್ಲಿ ಬಂಗಾರವಿದೆ. ಅದನ್ನು ಯಾರಿಗೆ ತೆಗೆದುಕೊಡುತ್ತೇವೆ, ಯಾರಿಗೆ ಕೊಡುವದಿಲ್ಲ ಎಂಬದೇ ಪ್ರಶ್ನೆ.

ವ್ಯಾಕರಣದ ಮಾತನ್ನು ತುಸು ನೋಡೋಣ. ಯಾಕೆಂದರೆ ಈ ವಿಷಯದಲ್ಲಿ ಅನೇಕರು ವ್ಯಾಕರಣದ ಹಿಂದೆ ಅಡಗಿಕೊಳ್ಳುತ್ತಾರೆ. ಸಂಸ್ಕೃತದಲ್ಲಿ ಲಿಂಗವು ಶಬ್ದಕ್ಕೆ ಸೇರಿದ್ದು. ಹೆಂಡತಿಯೆಂಬ ಒಂದೇ ಅರ್ಥಕ್ಕೆ ಅಲ್ಲಿ ‘ಭಾರ್ಯಾ’ ಎಂಬ ಶಬ್ದವು ಸ್ತ್ರೀಲಿಂಗ, ‘ದಾರ’ ಶಬ್ದವು ಪುಲ್ಲಿಂಗ ಮತ್ತು ನಿತ್ಯ ಬಹುವಚನ, ‘ಕಲತ್ರ’ ಶಬ್ದವು ನಪುಂಸಕಲಿಂಗ. ಹೆಂಡತಿಯನ್ನು ‘ಕಲತ್ರ’ವೆಂದು ಕರೆದುದರಿಂದ ಯಾರಿಗೂ ಅವಮಾನವಾಗುವದಿಲ್ಲ, ಅದು ಶಬ್ದದ ಗುಣ. ಕನ್ನಡದ ದಾರಿ ಬೇರೆ. 13ನೆಯ ಶತಮಾನದ ಕೇಶಿರಾಜನ ಶಾಸ್ತ್ರವನ್ನು ಓದಿದವರಿಗೂ, ಶಾಸ್ತ್ರವೊಂದನ್ನೂ ಓದದೆ ಕನ್ನಡವನ್ನಾಡುವ ಒಕ್ಕಲಿಗರಿಗೂ ತಿಳಿದ ಸಂಗತಿಯೆಂದರೆ, ನಮ್ಮಲ್ಲಿ ಲಿಂಗವು ಅರ್ಥವನ್ನು ಹಿಂಬಾಲಿಸುತ್ತದೆ. ಮನುಷ್ಯರಲ್ಲಿ ಗಂಡಸು ‘ಅವನು’, ಹೆಂಗಸು ‘ಅವಳು’; ಕಲ್ಲು, ಮರ, ಎಮ್ಮೆ, ಬಂಡಿ ಎಲ್ಲವೂ ‘ಅದು’. ಹೀಗಿರುವದರಿಂದಲೇ ಕನ್ನಡದಲ್ಲಿ ಬೆಳೆದ ಮನುಷ್ಯರೊಬ್ಬರನ್ನು ‘ಅದು’ ಎನ್ನುವದು ಬರಿಯ ವ್ಯಾಕರಣದೋಷವಲ್ಲ. ಅದು ಅವರನ್ನು ಮನುಷ್ಯವರ್ಗದಿಂದ ಎತ್ತಿ ಎಮ್ಮೆ-ಬಂಡಿಗಳ ಸಾಲಿಗೆ ಹಾಕುವ ತೀರ್ಪು.

ಇದಕ್ಕೆ ಅಪವಾದಗಳು ಉಂಟು, ಅವುಗಳನ್ನು ಮುಚ್ಚಿಡಬೇಕಾಗಿಲ್ಲ. ಮಗುವನ್ನು ನಾವು ‘ಬಂತು’, ‘ಅತ್ತಿತು’ ಎಂದೇ ಹೇಳುತ್ತೇವೆ, ಅದರಲ್ಲಿ ಮಮತೆಯಿದೆ. ಹವ್ಯಕರ ಮನೆಮಾತಿನಲ್ಲಿ ಹೆಂಗಸರನ್ನು ಕುರಿತು ‘ಅದು ಬಂತು’ ಎಂಬ ಅರ್ಥದ ರೂಪವೇ ಸಹಜವಾದದ್ದು. ತಾಯಿ-ಅಜ್ಜಿಯರನ್ನು ಕುರಿತೂ ಹಾಗೆ ಹೇಳುವದುಂಟು, ಕೇಳಿದವರಾರೂ ನೊಂದುಕೊಳ್ಳುವದಿಲ್ಲ. ನೆರೆಯ ತೆಲುಗಿನಲ್ಲಿ ಏಕವಚನದ ‘ಅದಿ’ಯು ಹೆಂಗಸಿಗೂ ವಸ್ತುವಿಗೂ ಒಂದೇ. ಆದ್ದರಿಂದ ಅವಮಾನವು ಅಕ್ಷರಗಳಲ್ಲಿ ಅಂಟಿಕೊಂಡಿಲ್ಲ; ಆಡುವವರ ರೂಢಿಯಲ್ಲಿ, ಆಡಿಸಿಕೊಂಡವರ ಅನುಭವದಲ್ಲಿ ಇದೆ. ಮನೆಯ ಮಗುವಿಗೆ ‘ಅದು’ ಎಂದ ಬಾಯಿಯೇ ಆಸ್ಪತ್ರೆಯ ಸಾಲಿನಲ್ಲಿ ನಿಂತ ಸೀರೆಯುಟ್ಟ ಲಿಂಗಾಂತರಿಯನ್ನು ‘ಅದು ಯಾಕೆ ಇಲ್ಲಿ ಬಂದಿದೆ?’ ಎಂದು ಕೇಳಿದಾಗ ಎರಡೂ ಒಂದೇ ಶಬ್ದವೆಂದು ವಾದಿಸುವವರು ಕಿವುಡರಾಗಿರಬೇಕು, ಇಲ್ಲವೆ ಕಿವುಡರ ನಟನೆ ಮಾಡುತ್ತಿರಬೇಕು.

ಈ ಜನರ ಸಂಖ್ಯೆ ಎಷ್ಟು ಎಂದು ಕೇಳುವವರಿಗಾಗಿ ಹೇಳುತ್ತೇವೆ: 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಗಂಡು, ಹೆಣ್ಣು ಎಂಬವುಗಳ ಜತೆಗೆ ‘ಇತರ’ ಎಂಬ ಮೂರನೆಯ ಕಲಮನ್ನು ಇಟ್ಟಾಗ ದೇಶದಲ್ಲಿ 4,87,803 ಜನರೂ ಕರ್ನಾಟಕದಲ್ಲಿ 20,266 ಜನರೂ ಅದರಲ್ಲಿ ಲೆಕ್ಕಕ್ಕೆ ಬಂದರು. ಮನೆಯವರಿಗೆ ಅಂಜಿ, ಗಣತಿದಾರರಿಗೆ ಅಂಜಿ, ತಮ್ಮನ್ನು ಬೇರೆ ಕಲಮಿನಲ್ಲಿ ಬರೆಸಿಕೊಂಡವರನ್ನು ಯಾರು ಎಣಿಸಬಲ್ಲರು? ಸರಕಾರದ ಕಾಗದಪತ್ರಗಳು ಈ ಜನರನ್ನು ಕರೆದ ಬಗೆಯಾದರೂ ಎಂಥದು? ಬ್ರಿಟಿಷರ ಸರಕಾರವು 1871ರಲ್ಲಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು ಇವರನ್ನು ನಪುಂಸಕರೆಂದು ಹೆಸರಿಸಿ, ಇವರ ಹೆಸರು ಮತ್ತು ವಸತಿಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಲು ಅಧಿಕಾರ ಕೊಟ್ಟಿತು. ನಿಜಾಮನ ಹೈದರಾಬಾದು ಸಂಸ್ಥಾನವು 1919ರಲ್ಲಿ, ಅಂದರೆ 1329ನೆಯ ಫಸಲಿಯಲ್ಲಿ, ಅಂಥದೇ ಕಾಯಿದೆಯನ್ನು ಮಾಡಿತು. ಇಂದಿನ ಬೀದರ, ಕಲಬುರಗಿ, ರಾಯಚೂರು ಪ್ರದೇಶಗಳು ಆಗ ಆ ಸಂಸ್ಥಾನದಲ್ಲಿಯೇ ಇದ್ದವು. ಆ ಕಾಯಿದೆ ಸಂವಿಧಾನಕ್ಕೆ ವಿರುದ್ಧವೆಂದು ತೆಲಂಗಾಣದ ಉಚ್ಚ ನ್ಯಾಯಾಲಯವು ಹೊಡೆದುಹಾಕಿದ್ದು 2023ರಲ್ಲಿ. ಪರರಾಜ್ಯದ ಮಾತೇಕೆ? ನಮ್ಮ ಕರ್ನಾಟಕ ಪೋಲೀಸ್ ಕಾಯಿದೆಗೆ 36-ಎ ಎಂಬ ಕಲಮನ್ನು ಸೇರಿಸಿ, ಅದೇ ಹಳೆಯ ಇಂಗ್ಲಿಷ್ ಶಬ್ದವನ್ನು ಬಳಸಿ, ಇವರ ಪಟ್ಟಿಯನ್ನಿಡುವ ಅಧಿಕಾರವನ್ನು ಪೋಲೀಸರಿಗೆ ಕೊಟ್ಟದ್ದು 2011ರಲ್ಲಿ. ಸ್ವರಾಜ್ಯ ಬಂದು ಅರುವತ್ತು ವರುಷಗಳು ಕಳೆದ ಮೇಲೆ! ಆ ಸಮುದಾಯದವರೇ ಉಚ್ಚ ನ್ಯಾಯಾಲಯದ ಮೆಟ್ಟಲೇರಿದ ತರುವಾಯ ಆ ಶಬ್ದವು ಕಾಯಿದೆಯಿಂದ ಹೋಯಿತು. ಇಂಗ್ಲಿಷರು ಹೋದರೂ ಅವರ ಪಟ್ಟಿಯ ಭಾಷೆ ನಮ್ಮ ಕಚೇರಿಗಳ ಕಪಾಟುಗಳಲ್ಲಿ ಉಳಿದುಕೊಂಡಿತ್ತೆಂಬದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅತ್ತ 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಸಿಕ್ರಿ ಅವರು, ತನ್ನ ಲಿಂಗತ್ವ ಯಾವದೆಂದು ಹೇಳಿಕೊಳ್ಳುವದು ಮನುಷ್ಯರ ಘನತೆಯ ಭಾಗವೆಂದು ತೀರ್ಪಿತ್ತರು. 2019ರಲ್ಲಿ ಸಂಸತ್ತು ಒಂದು ಶಾಸನವನ್ನು ಮಾಡಿತು. ಅದರ ಗುಣದೋಷಗಳು ಬೇರೆಯೇ ಚರ್ಚೆಗೆ ಯೋಗ್ಯವಾದವು. 2021ರಲ್ಲಿ ನಮ್ಮ ರಾಜ್ಯವು ಸರಕಾರಿ ನೌಕರಿಗಳಲ್ಲಿ ನೂರಕ್ಕೆ ಒಂದು ಸ್ಥಾನವನ್ನು ಇವರಿಗಾಗಿ ಮೀಸಲಿಟ್ಟಿತು. ಒಳ್ಳೆಯ ಕೆಲಸವೇ ಸರಿ. ಆದರೆ ಹಾಗೆ ನೌಕರಿಗೆ ಸೇರಿದವರನ್ನು ಮರುದಿನ ಕಚೇರಿಯಲ್ಲಿ ಸಹೋದ್ಯೋಗಿಗಳು ಯಾವ ಶಬ್ದದಿಂದ ಕರೆಯುತ್ತಾರೆ? ಮೀಸಲಾತಿಯ ಆಜ್ಞೆಯು ಕುರ್ಚಿಯನ್ನು ಕೊಡಬಲ್ಲದು; ಪಕ್ಕದ ಕುರ್ಚಿಯವರ ಬಾಯಿಂದ ಬರುವ ಸರ್ವನಾಮವನ್ನು ಕೊಡಲಾರದು.

ನಮ್ಮ ನಾಡಿನಲ್ಲಿ ಇದರ ಒಂದು ವಿಚಿತ್ರವನ್ನು ಯಾರೂ ಕಾಣಬಹುದು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿಯೂ ಹುಲಿಗಿಯಲ್ಲಿಯೂ ಚೌಡಕಿ ಹಿಡಿದು, ಕೊಡ ಹೊತ್ತು ಬರುವ ಜೋಗತಿಯರಿಗೆ ಭಕ್ತರು ಕೈ ಮುಗಿಯುತ್ತಾರೆ, ಅವರ ಕೈಯಿಂದ ಭಂಡಾರವನ್ನು ಹಣೆಗೆ ಹಚ್ಚಿಸಿಕೊಳ್ಳುತ್ತಾರೆ. ಗುಡ್ಡವನ್ನಿಳಿದು ಬಸ್ಸು ಹತ್ತಿದ ಮೇಲೆ ಅದೇ ಭಕ್ತರ ಭಾಷೆ ಬೇರೆಯಾಗುತ್ತದೆ. ಶ್ರೀಮತಿ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರದಲ್ಲಿ ದಿಲ್ಲಿಯಲ್ಲಿ ಪದ್ಮಶ್ರೀಯನ್ನು ಸ್ವೀಕರಿಸುವಾಗ ತಮ್ಮ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ದೇಶವೆಲ್ಲ ಅದನ್ನು ನೋಡಿ ಸಂತೋಷಪಟ್ಟಿತು. ಅವರನ್ನು ‘ಅವರು’ ಎನ್ನಲು ಆಗ ಯಾರ ನಾಲಗೆಯೂ ತಡವರಿಸಲಿಲ್ಲ. ಪದ್ಮಶ್ರೀ ಬಾರದ ಜೋಗತಿಯರ ಪಾಡೇನು? ಗೌರವವಾಚಕವನ್ನು ಪಡೆಯಲು ರಾಷ್ಟ್ರಪತಿ ಭವನದ ತನಕ ಹೋಗಬೇಕೆಂದಾದರೆ ಉಳಿದ ಸಾವಿರಾರು ಜನರಿಗೆ ಈ ಜನ್ಮದಲ್ಲಿ ಅದು ಸಿಕ್ಕದು. ವೇದಿಕೆಯ ಮೇಲೆ ನಿಂತು, ಆತ್ಮಕ್ಕೆ ಲಿಂಗಭೇದವಿಲ್ಲವೆಂದು ಶರಣರ ವಚನಗಳನ್ನು ಕಂಠಪಾಠ ಒಪ್ಪಿಸುವ ಮಹನೀಯರೂ ಕೆಳಗಿಳಿದ ಮೇಲೆ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ನಪಾಸಾಗುತ್ತಾರೆ.

ಸಮುದಾಯವನ್ನು ಹೆಸರಿಸುವ ಶಬ್ದಗಳಲ್ಲಿಯೂ ಗೊಂದಲವಿದೆ. ‘ಮಂಗಳಮುಖಿ’ ಎಂಬದು ಕೇಳಲು ಇಂಪಾಗಿದೆ. ಆದರೆ ಹೆಣ್ಣಾಗಿ ಹುಟ್ಟಿದರೆಂದು ದಾಖಲಾಗಿ ಗಂಡಸಾಗಿ ಬಾಳುವವರಿಗೆ ಅದು ಹೇಗೆ ಸಲ್ಲುತ್ತದೆ? ‘ತೃತೀಯ ಲಿಂಗಿ’ ಎಂದರೆ ಮೊದಲನೆಯವರು ಯಾರು, ಎರಡನೆಯವರು ಯಾರು ಎಂಬ ಪ್ರಶ್ನೆ ಏಳುತ್ತದೆ. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಶಬ್ದವು ಉದ್ದವಾದರೂ ಆಕ್ಷೇಪಕ್ಕೆ ಕಡಿಮೆ ಎಡೆಕೊಡುತ್ತದೆ. ತಮಿಳರು ‘ತಿರುನಂಗೈ’ ಎಂಬ ಗೌರವದ ಶಬ್ದವನ್ನು ಸರಕಾರದ ಆಜ್ಞೆಗಳಲ್ಲಿಯೂ ಜನರ ಬಾಯಲ್ಲಿಯೂ ನೆಲೆಗೊಳಿಸಿದ್ದಾರೆ. ಮದರಾಸಿನ ಉಚ್ಚ ನ್ಯಾಯಾಲಯವು ಬೆನ್ನು ಹತ್ತಿದ್ದರಿಂದ 2022ರಲ್ಲಿ ತಮಿಳುನಾಡು ಸರಕಾರವು ಇಂಥ ಶಬ್ದಗಳ ಒಂದು ಪಟ್ಟಿಯನ್ನೇ ರಾಜಪತ್ರದಲ್ಲಿ ಪ್ರಕಟಿಸಿತು. ಪತ್ರಿಕೆಗಳೂ ಅದನ್ನು ಅನುಸರಿಸಬೇಕೆಂಬದು ನ್ಯಾಯಾಲಯದ ಅಪೇಕ್ಷೆಯಾಗಿತ್ತು. ನೆರೆಮನೆಯವರು ಮಾಡಿದ ಕೆಲಸವನ್ನು ಕನ್ನಡಿಗರು ಮಾಡಲಾರದಷ್ಟು ಅಸಮರ್ಥರಲ್ಲ.

ಆದರೆ ಇದು ಅಲ್ಪಸಂಖ್ಯಾತರೊಬ್ಬರ ಪ್ರಶ್ನೆಯೆಂದು ಉಳಿದವರು ನಿಶ್ಚಿಂತರಾಗಬಾರದು. ನಾಡಿನ ಅರ್ಧ ಭಾಗವಾದ ಹೆಣ್ಣುಮಕ್ಕಳಿಗೇ ಈ ಮೂರಕ್ಷರವು ಇನ್ನೂ ಪೂರ್ತಿಯಾಗಿ ದಕ್ಕಿಲ್ಲ. ಗಂಡನಿಗೆ ‘ರೀ’, ‘ಅವರು’. ಹೆಂಡತಿಗೆ ‘ಲೇ’, ‘ಅವಳು’. ಎಷ್ಟೋ ಮನೆಗಳಲ್ಲಿ ಮಕ್ಕಳು ತಂದೆಗೆ ‘ನೀವು’ ಎನ್ನುತ್ತಾರೆ, ತಾಯಿಗೆ ‘ನೀನು’. ತಾಯಿಯೊಡನೆ ಸಲಿಗೆ ಹೆಚ್ಚು, ದೇವರನ್ನೂ ನಾವು ‘ನೀನು’ ಎಂದೇ ಕರೆಯುತ್ತೇವಲ್ಲ ಎಂದು ಇದಕ್ಕೆ ಸಮಾಧಾನ ಹೇಳುವದುಂಟು. ಸಮಾಧಾನದಲ್ಲಿ ಸತ್ಯಾಂಶವಿದೆ, ಪ್ರೀತಿಯ ಏಕವಚನವನ್ನು ಕಿತ್ತುಹಾಕೆಂದು ನಾವು ಹೇಳುವವರಲ್ಲ. ಆದರೆ ಸಲಿಗೆಯೆಲ್ಲ ಒಬ್ಬರ ಪಾಲಿಗೆ, ಮರ್ಯಾದೆಯೆಲ್ಲ ಇನ್ನೊಬ್ಬರ ಪಾಲಿಗೆ ಹೇಗೆ ಹಂಚಿಹೋಯಿತೆಂದು ಒಮ್ಮೆಯಾದರೂ ವಿಚಾರಿಸಬೇಡವೆ? ಮನೆಯ ಈ ಹಂಚಿಕೆ ಬೀದಿಗೂ ಕಚೇರಿಗೂ ಹರಿದುಬರುತ್ತದೆ. 2010ರಿಂದ ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ಹೆಂಗಸರಿಗೆ ಕಾದಿರಿಸಲಾಗಿದೆ. ಎಷ್ಟೋ ಊರುಗಳಲ್ಲಿ ಅಧ್ಯಕ್ಷರ ಪತಿಯು ‘ಅಧ್ಯಕ್ಷರು’ ಎನಿಸಿಕೊಂಡು ‘ಅವರು ಬಂದರು’ ಎಂಬ ಮರ್ಯಾದೆಯನ್ನು ಪಡೆಯುತ್ತಾನೆ. ರುಜು ಹಾಕುವ ನಿಜವಾದ ಅಧ್ಯಕ್ಷರನ್ನು ‘ಅವಳನ್ನು ಕರೆಯಿರಿ, ಸಹಿ ಹಾಕಲಿ’ ಎನ್ನುತ್ತಾರೆ. ಸಂವಿಧಾನವು ಕೊಟ್ಟ ಪದವಿಯನ್ನು ಸರ್ವನಾಮವು ಕಸಿದುಕೊಳ್ಳುವ ಬಗೆ ಇದು. ಪಹಣಿಯಲ್ಲಿ ನೋಡಿದರೆ ಗಂಡಸಿನ ಹೆಸರಿನ ಮುಂದೆ ‘ಬಿನ್’, ಮದುವೆಯಾದ ಹೆಂಗಸಿನ ಹೆಸರಿನ ಮುಂದೆ ‘ಕೋಂ’. ಭೂಮಿ ಆಕೆಯದೇ ಆಗಿದ್ದರೂ ಇಂಥವರ ಹೆಂಡತಿಯೆಂಬ ಗುರುತಿನಿಂದಲೇ ಆಕೆ ಒಡತಿಯಾಗಬೇಕು. ಗಂಡಸನ್ನು ಇಂಥವಳ ಗಂಡನೆಂದು ಬರೆದ ಪಹಣಿಯನ್ನು ಯಾರು ಕಂಡಿದ್ದಾರೆ?

ಪದವಿಗಳ ಹೆಸರುಗಳಿಗೆ ಸ್ತ್ರೀಪ್ರತ್ಯಯ ಹಚ್ಚುವ ವಿಷಯದಲ್ಲಿ ನಮ್ಮ ಅಭಿಪ್ರಾಯ ಸರಳವಾದದ್ದು. ‘ಅಧ್ಯಕ್ಷೆ’, ‘ಸದಸ್ಯೆ’, ‘ಲೇಖಕಿ’ ಎಂಬವುಗಳಲ್ಲಿ ತಪ್ಪಿಲ್ಲ. ಆದರೆ ಪದವಿಯನ್ನು ಹೇಳುವಾಗ ಹೆಣ್ಣೆಂಬದನ್ನು ನೆನಪಿಸುವದು ಅಗತ್ಯವಿಲ್ಲದ ಕಡೆ ‘ಅಧ್ಯಕ್ಷರು’, ‘ಸದಸ್ಯರು’, ‘ಲೇಖಕರು’ ಎಂದರೆ ಸಾಕು. 2022ರ ಜುಲೈಯಲ್ಲಿ ಲೋಕಸಭೆಯ ಸದಸ್ಯರೊಬ್ಬರು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರನ್ನು ‘ರಾಷ್ಟ್ರಪತ್ನಿ’ ಎಂದು ಕರೆದು, ದೊಡ್ಡ ಗದ್ದಲವಾಗಿ, ಕೊನೆಗೆ ಕ್ಷಮೆ ಬೇಡಿದರು. ‘ಪತಿ’ಯೆಂದರೆ ಒಡೆತನದ ಪದವಿಯೆಂದು ತಿಳಿಯದೆ ಗಂಡನೆಂದು ತಿಳಿದರೆ ಆಗುವ ಪ್ರಮಾದ ಅದು. ‘ರೈತ’ ಎಂಬ ಶಬ್ದವನ್ನು ತೆಗೆದುಕೊಳ್ಳಿ. ಕಳೆ ಕೀಳುವವರು, ಸಸಿ ನೆಡುವವರು, ಕೊಯ್ಲು ಮಾಡುವವರು ಬಹುಪಾಲು ಹೆಂಗಸರು. ‘ರೈತನು ದೇಶದ ಬೆನ್ನೆಲುಬು’ ಎಂದು ಭಾಷಣ ಮಾಡುವಾಗ ಅವರು ಕಣ್ಣಿಗೇ ಬೀಳುವದಿಲ್ಲ. ‘ರೈತರು’ ಎಂದು ಬರೆದರೆ ಒಂದಕ್ಷರದಿಂದ ಅವರೂ ವಾಕ್ಯದೊಳಗೆ ಬರುತ್ತಾರೆ.

ಜಾತಿಯ ಮಾತಿಗೆ ಬಂದರೆ ನಾಚಿಕೆಯಾಗುತ್ತದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಬುದ್ಧಿ’ ಎಂದೂ ಉತ್ತರದಲ್ಲಿ ‘ಧಣಿ’ ಎಂದೂ ಕೈ ಕಟ್ಟಿ ನಿಂತು ಕರೆದ ಎಪ್ಪತ್ತು ವರುಷದ ಮುದುಕನಿಗೆ ಹತ್ತು ವರುಷದ ಜಮೀನುದಾರರ ಹುಡುಗನು ‘ಏನೋ’, ‘ಬಾರೋ’ ಎಂದು ಮಾರುತ್ತರ ಕೊಟ್ಟ ಕಾಲವನ್ನು ನೋಡಿದವರು ಇನ್ನೂ ಬದುಕಿದ್ದಾರೆ. ಆ ಕಾಲ ಪೂರ್ತಿ ಹೋಗಿದೆಯೆಂದು ಎದೆ ಮುಟ್ಟಿ ಯಾರು ಹೇಳಬಲ್ಲರು? ಸರಕಾರಿ ಕಾಗದಗಳಲ್ಲಿ ‘ಪೌರಕಾರ್ಮಿಕರು’ ಎಂಬ ಯೋಗ್ಯವಾದ ಶಬ್ದ ಬಂದಿದೆ; ವರುಷಕ್ಕೊಮ್ಮೆ ಸಪ್ಟಂಬರ 23ರಂದು ಅವರಿಗೆ ಶಾಲು ಹೊದಿಸುವದೂ ಉಂಟು. ಉಳಿದ ದಿನಗಳಲ್ಲಿ ಅವರು ಬಾಗಿಲ ಮುಂದೆ ಬಂದಾಗ ಒಳಗಿನಿಂದ ಕೇಳಿಬರುವ ಮಾತು ‘ಕಸದವಳು ಬಂದಳು’ ಎಂಬದೇ.

ಪತ್ರಿಕೆಗಳ ಹೊಣೆ ಇಲ್ಲಿ ಎಲ್ಲರಿಗಿಂತ ಹೆಚ್ಚಿನದು. ಓದಿದ ಶಬ್ದವೇ ನಾಳೆ ಬಾಯಿಗೆ ಬರುತ್ತದೆ. ಕೋಟಿಗಟ್ಟಲೆ ಹಣದ ಅಪಹಾರದ ಆರೋಪ ಹೊತ್ತ ಮುಖಂಡರು ಬಂಧನದಲ್ಲಿಯೂ ‘ಅವರು’. ಸೈಕಲ್ ಕದ್ದನೆಂಬ ಆರೋಪದ ಕೂಲಿಕಾರನು, ವಿಚಾರಣೆಯಾಗುವ ಮೊದಲೇ, ‘ಅವನು’. ಈ ಭೇದವನ್ನು ಯಾವ ದಂಡಸಂಹಿತೆಯೂ ವಿಧಿಸಿಲ್ಲ. ‘ಅವರು’ ಎಂಬದು ಸಚ್ಚಾರಿತ್ರ್ಯದ ಪ್ರಶಸ್ತಿಪತ್ರವಲ್ಲ. ಮನುಷ್ಯರೆಂಬ ಗುರುತು ಅಷ್ಟೇ. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಕೊಲೆಯಾದಾಗ ಕೆಲವರು ಬರೆಯುವ ವರದಿಯಲ್ಲಿ ಅವರ ತೊರೆದ ಹಳೆಯ ಹೆಸರನ್ನು ಹುಡುಕಿ ತಂದು ಹಾಕುವದು, ‘ಹೆಣ್ಣಿನ ವೇಷದಲ್ಲಿದ್ದ ಪುರುಷ’ ಎಂದು ಬಣ್ಣಿಸುವದು ಮತ್ತೊಂದು ಕ್ರೌರ್ಯ. ಬದುಕಿದ್ದಾಗ ಕಷ್ಟಪಟ್ಟು ಗಳಿಸಿದ ಹೆಸರನ್ನು ಸತ್ತ ಮೇಲೆ ಕಿತ್ತುಕೊಳ್ಳಲು ಯಾರಿಗೂ ಅಧಿಕಾರವಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಅವಶ್ಯ. ‘ಅವರು’ ಎಂಬದನ್ನು ಸಕಲರೋಗನಿವಾರಕ ಗುಳಿಗೆಯೆಂದು ನಾವು ಮಾರುತ್ತಿಲ್ಲ. ಹೆಣ್ಣಾಗಿ ಬಾಳುವ ಲಿಂಗಾಂತರಿಯೊಬ್ಬರು, ತನ್ನ ಗೆಳತಿಯರು ತನ್ನನ್ನು ‘ಅವಳು’ ಎಂದೇ ಹೇಳಲಿ, ‘ಅಕ್ಕ’ ಎಂದೇ ಕರೆಯಲಿ ಎಂದು ಬಯಸಬಹುದು. ಆಗ ‘ಆಕೆ’ ಎಂಬ ಶಬ್ದವು ಗಂಟಲಲ್ಲಿ ಸಿಕ್ಕಿಕೊಂಡದ್ದರಿಂದ ‘ಅವರು’ ಎಂದು ಜಾರಿಕೊಳ್ಳುವವರೂ ಇದ್ದಾರೆ. ಉಳಿದ ಹೆಂಗಸರಿಗೆಲ್ಲ ಸಲಿಗೆಯ ‘ಅವಳು’, ಇವರೊಬ್ಬರಿಗೆ ಮಾತ್ರ ದೂರದ ‘ಅವರು’ ಎಂದಾದರೆ ಅದೂ ಒಂದು ಬಗೆಯ ಬಹಿಷ್ಕಾರವೇ. ಹನ್ನೆರಡು ವರುಷದ ಹುಡುಗರಿಗೆ ‘ಅವರು’ ಎಂದರೆ ಕೃತಕವಾಗಿ ಕೇಳಿಸುತ್ತದೆ. ಅಲ್ಲಿ ಹೆಸರನ್ನೇ ಮತ್ತೊಮ್ಮೆ ಹೇಳುವದು ಲೇಸು. ತಿಳಿಯದಿದ್ದಲ್ಲಿ ‘ತಮ್ಮನ್ನು ಹೇಗೆ ಕರೆಯಬೇಕು?’ ಎಂದು ಮೆಲ್ಲನೆ ಕೇಳಬಹುದು. ಹೊಸಬರು ಮನೆಗೆ ಬಂದಾಗ ‘ತಮ್ಮ ಊರು ಯಾವದು, ಹೆಸರೇನು’ ಎಂದು ವಿಚಾರಿಸುವ ನಮ್ಮ ಜನರಿಗೆ ಈ ಪ್ರಶ್ನೆ ಅಷ್ಟೇನೂ ಭಾರವಾಗದು.

ಇನ್ನು ಸರಕಾರದಿಂದ ಆಗಬೇಕಾದುದು. ಕನ್ನಡ ಅಭಿವೃದ್ಧಿ ಪ್ರಾಧಿಕಾರವೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಕೂಡಿ, ಲಿಂಗತ್ವ ಅಲ್ಪಸಂಖ್ಯಾತರನ್ನು, ಪೌರಕಾರ್ಮಿಕರನ್ನು, ಪಂಚಾಯತಿಯ ಹೆಣ್ಣುಮಕ್ಕಳನ್ನು ಅದೇ ಮೇಜಿನ ಸುತ್ತ ಕೂಡ್ರಿಸಿಕೊಂಡು, ಕಚೇರಿಗಳಲ್ಲಿ ಬಳಸತಕ್ಕ ಶಬ್ದಗಳ ಕಿರುಪುಸ್ತಕವೊಂದನ್ನು ತಯಾರಿಸಬೇಕು. 2023ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೆಂಗಸರ ವಿಷಯದ ಪೂರ್ವಗ್ರಹದ ಶಬ್ದಗಳನ್ನು ಕುರಿತು ನ್ಯಾಯಾಧೀಶರಿಗೂ ವಕೀಲರಿಗೂ ಕೈಪಿಡಿಯನ್ನು ಪ್ರಕಟಿಸಿದ್ದು ಇಂಗ್ಲಿಷಿನ ಶಬ್ದಗಳನ್ನು ನೋಡಿಕೊಂಡು. ಕನ್ನಡದ ತೊಡಕುಗಳನ್ನು ಕನ್ನಡಿಗರೇ ಬಿಡಿಸಬೇಕು. ಪುಸ್ತಕ ದಪ್ಪವಾಗಬೇಕಾಗಿಲ್ಲ. ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೇದೆಗೆ, ಆಸ್ಪತ್ರೆಯಲ್ಲಿ ಚೀಟಿ ಕೊಡುವವರಿಗೆ, ಹಾಜರಿ ಕರೆಯುವ ಶಿಕ್ಷಕರಿಗೆ, ಪಹಣಿ ತಿದ್ದುವ ಗ್ರಾಮಲೆಕ್ಕಿಗರಿಗೆ ಅರ್ಧ ತಾಸಿನಲ್ಲಿ ಓದಿಸಿ ತಿಳಿಯಪಡಿಸುವಂತಿದ್ದರೆ ಸಾಕು. ಮೊದಲ ಪ್ರತಿಯನ್ನು ಪೋಲೀಸರ ತರಬೇತಿ ಶಾಲೆಗೆ ಕಳಿಸತಕ್ಕದ್ದು. ‘ನಿನ್ನ ಹೆಸರೇನು’ ಎಂಬದನ್ನು ‘ತಮ್ಮ ಹೆಸರೇನು’ ಎಂದು ಬದಲಿಸಲು ಹೊಸ ಕಾಯಿದೆಯೂ ಬೇಡ, ಬಜೆಟ್ಟಿನಲ್ಲಿ ಹಣವೂ ಬೇಡ. ನಾಳೆ ಬೆಳಿಗ್ಗೆ ಠಾಣೆಯ ಬಾಗಿಲು ತೆರೆದೊಡನೆ ಆರಂಭಿಸಬಹುದು.